ಆಫರ್ ಲೆಟರ್ ವಾಟ್ಸಾಪಿಗೆ ಬಂದರೆ

ಹಾಸನ, ಚಿಕ್ಕಮಗಳೂರು ಕಡೆಯಿಂದ ದುಬೈ, ಅಬುಧಾಬಿಗೆ ಹೊರಟವರು ಸಂಬಳ ಎಷ್ಟು ಅಂತ ನೋಡುವ ಮುಂಚೆ ಆಫರ್ ಯಾವ ದಾರಿಯಲ್ಲಿ ಬಂತು ಅಂತ ನೋಡಿ.

ನಮ್ಮ ಕಡೆ "ಯಾವೂರು, ಯಾರ ಮನೆಯೋರು" ಅಂತ ಕೇಳಿದರೆ ಎರಡು ಮಾತಿನಲ್ಲಿ ಗುರುತು ಹತ್ತುತ್ತದೆ. ಫೋನಿನಲ್ಲಿ "ನಾನೂ ಬೇಲೂರಿನವನೇ" ಅನ್ನುವವನಿಗೆ ಆ ಲೆಕ್ಕ ನಡೆಯುವುದಿಲ್ಲ. ಅವನು ಕೊಟ್ಟ ನಂಬರ್ ಬಿಡಿ. ಕಂಪನಿಯ ವೆಬ್‌ಸೈಟನ್ನು ನೀವೇ ಹುಡುಕಿ, ಅಲ್ಲಿರುವ ನಂಬರಿಗೆ ಫೋನ್ ಮಾಡಿ, ಈ ಹುದ್ದೆ ಇದೆಯೇ ಅಂತ ಕೇಳಿ.

ಇಮೇಲ್ ಬಂದರೆ ಹೆಸರು ನೋಡಿ ಸುಮ್ಮನಾಗಬೇಡಿ, '@' ಆದಮೇಲಿನ ಭಾಗ ಓದಿ. 'ಎಂ' ಇರಬೇಕಾದಲ್ಲಿ 'ಆರ್', 'ಎನ್' ಅಂಟಿಸಿ ಬರೆದಿರುತ್ತಾರೆ, ಚಿಕ್ಕ ಪರದೆಯಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ರಿಪ್ಲೈ ಒತ್ತಿದಾಗ ಬೇರೆ ವಿಳಾಸ ಬಂದರೆ ಅಲ್ಲಿಗೇ ನಿಲ್ಲಿಸಿ.

ಸಂದರ್ಶನದ ಹೊತ್ತು ಗೊತ್ತುಮಾಡಲು ವಾಟ್ಸಾಪ್ ಸಾಕು. ಸಂಬಳ, ರಜೆ, ವಸತಿಯ ಮಾತು ಇಮೇಲಿನಲ್ಲೇ ಇರಲಿ. ಆ ಇಮೇಲ್ ನಿಮ್ಮ ಸ್ವಂತದ್ದಾಗಿರಲಿ. ಈಗಿನ ಆಫೀಸಿನ ಖಾತೆಯನ್ನು ಆಫೀಸಿನವರು ನೋಡಬಹುದು, ಕೆಲಸ ಬಿಟ್ಟ ದಿನ ಅದು ಮುಚ್ಚಿಹೋಗುತ್ತದೆ. ಪಾಸ್‌ಪೋರ್ಟನ್ನು ಬಸ್‌ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಿಂದ ಕಳಿಸಬೇಡಿ, ಸ್ಕ್ಯಾನ್ ಆದ ಫೈಲ್ ಅಲ್ಲೇ ಉಳಿಯುತ್ತದೆ. ಓಟಿಪಿಯಂತೂ ಯಾರಿಗೂ ಹೇಳುವಂಥದ್ದಲ್ಲ.

ಏಜೆಂಟ್ ಇದ್ದರೆ ಭಾರತ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ಅವರ ನೋಂದಣಿ ನೋಡಿ. ಅವರು ಪಡೆಯಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಮೇಲೆ ಜಿಎಸ್‌ಟಿ. ಅದಕ್ಕೂ ರಸೀದಿ ಬೇಕು. ಯುಎಇಯಲ್ಲಿ ಫ್ರೀ ಝೋನ್ (ಕಂಪನಿಗಳಿಗೆ ಬೇರೆಯೇ ನಿಯಮವಿರುವ ವಲಯ) ಹೊರಗಿನ ಖಾಸಗಿ ಕೆಲಸಕ್ಕೆ ಆಫರ್ ಲೆಟರ್ ಕಾರ್ಮಿಕ ಸಚಿವಾಲಯದ ನಮೂನೆಯಲ್ಲೇ ಇರಬೇಕು. ವಿಸಿಟ್ ವೀಸಾದಲ್ಲಿ ಹೋಗಿ ದುಡಿಯುವುದು ಅಲ್ಲಿ ಅಪರಾಧ.

ಊರಿನ ಸಿಮ್ ಬಿಡಬೇಡಿ. ಬ್ಯಾಂಕ್, ಆಧಾರ್ ಓಟಿಪಿ ಎಲ್ಲ ಅದಕ್ಕೇ ಬರುವುದು. 90 ದಿನ ಬಳಸದಿದ್ದರೆ ನಂಬರ್ ನಿಂತು, ಮುಂದೆ ಬೇರೆಯವರ ಪಾಲಾಗಬಹುದು. ಹೊರಡುವ ಮುಂಚೆ ಇಂಟರ್‌ನ್ಯಾಷನಲ್ ರೋಮಿಂಗ್ ಹಾಕಿಸಿಕೊಳ್ಳಿ.

ಹೊರದೇಶದಲ್ಲಿ ಬೆಳೆದ ನಮ್ಮ ಮಕ್ಕಳು ಗುರುತಿಲ್ಲದ ನಂಬರನ್ನು ಎತ್ತುವುದೇ ಇಲ್ಲ. ದಾರಿಯಲ್ಲಿ ಹೋಗುವವರನ್ನೂ ಕರೆದು ಕಾಫಿ ಕೊಡುವ ಮನೆಗಳಿಂದ ಬಂದ ನಮಗೆ ಅದು ನೋವಿನ ವಿಷಯವೇ. ಕೆಲಸದ ಮಾತಿನಲ್ಲಿ ಮಾತ್ರ ಅವರ ಅಭ್ಯಾಸವೇ ಸರಿ.

ಊರಲ್ಲಿರುವಾಗಲೇ ದುಡ್ಡು ಹೋದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ತಿಳಿಸಿದರೆ ಖಾತೆಯಲ್ಲೇ ಹಣ ತಡೆಯುವ ಅವಕಾಶವಿದೆ. ಸಿಟ್ಟಿಗೆ ಚಾಟ್ ಅಳಿಸಬೇಡಿ, ದೂರಿಗೆ ಅದೇ ಸಾಕ್ಷಿ.