ಸೇನೆಯ ಒಳಬದುಕನ್ನು ಅಧ್ಯಯನ ಮಾಡುವ ಬಗೆ

‘ಸೇನಾ ಸಂಸ್ಕೃತಿ’ ಎಂದಷ್ಟೇ ಬರೆದುಕೊಂಡು ಹೊರಟರೆ ಕೆಲಸ ದಡ ಸೇರುವುದಿಲ್ಲ. ಕಾಲಾಳು, ಜಲಾಂತರ್ಗಾಮಿಯ ನಾವಿಕ, ವಿಮಾನದ ಮೆಕ್ಯಾನಿಕ್ ಇವರ ಬದುಕು ಬೇರೆಬೇರೆ. ಒಂದು ದರ್ಜೆ, ಒಂದು ಜಾಗ, ಒಂದು ರೂಢಿ ಆರಿಸಿಕೊಳ್ಳಿ. ‘ಹೊಸದಾಗಿ ಸೇರಿದವರು ಮೊದಲ ಆರು ವಾರದಲ್ಲಿ ಯಾರಿಂದ ಏನು ಕಲಿಯುತ್ತಾರೆ?’ ಎನ್ನುವಷ್ಟು ಕಿರಿದಾದ ಪ್ರಶ್ನೆ ಇರಲಿ.

ಮೊದಲು ಓದು. ಬದುಕಿನ ಒಂದು ನೆಲೆಯಿಂದ ಇನ್ನೊಂದಕ್ಕೆ ದಾಟಿಸುವ ಆಚರಣೆಗಳಲ್ಲಿ ಮಾನವಶಾಸ್ತ್ರಜ್ಞ ವಾನ್ ಜೆನೆಪ್ 1909ರಲ್ಲಿ ವಿವರಿಸಿದ ಬೇರ್ಪಡೆ, ನಡುಹಂತ, ಮರುಸೇರ್ಪಡೆ ಎಂಬ ಮೂರು ಹೆಜ್ಜೆಗಳನ್ನು ತಲೆಯಲ್ಲಿಟ್ಟುಕೊಂಡರೆ ತಲೆಕೂದಲು ಕತ್ತರಿಸುವುದೂ ಸಮವಸ್ತ್ರ ಕೊಡುವುದೂ ಬೇರೆಯೇ ಅರ್ಥದಲ್ಲಿ ಕಾಣುತ್ತವೆ. ಸಮಾಜಶಾಸ್ತ್ರದ ಕಡೆಯಿಂದ, ಎರಡನೇ ಮಹಾಯುದ್ಧದಲ್ಲಿ ಸಮಾಜಶಾಸ್ತ್ರಜ್ಞ ಸ್ಯಾಮ್ಯುಯೆಲ್ ಸ್ಟೌಫರ್ ತಂಡ ಐದು ಲಕ್ಷಕ್ಕೂ ಹೆಚ್ಚು ಅಮೆರಿಕನ್ ಸೈನಿಕರನ್ನು ಪ್ರಶ್ನಿಸಿ 1949ರಲ್ಲಿ ಪ್ರಕಟಿಸಿದ ಸಮೀಕ್ಷೆಯನ್ನು ಬಿಡಬೇಡಿ. ಅದರ ಪ್ರಕಾರ, ಬಡ್ತಿ ಬೇಗ ಸಿಗುತ್ತಿದ್ದ ವಾಯುದಳದವರಿಗಿಂತ, ಅಪರೂಪಕ್ಕೆ ಸಿಗುತ್ತಿದ್ದ ಮಿಲಿಟರಿ ಪೊಲೀಸರೇ ಬಡ್ತಿಯ ವಿಷಯದಲ್ಲಿ ಹೆಚ್ಚು ತೃಪ್ತರಾಗಿದ್ದರು. ಸೈನಿಕ ತನ್ನನ್ನು ಅಳೆದುಕೊಳ್ಳುವುದು ಪಕ್ಕದವನ ಜೊತೆ. ಆದ್ದರಿಂದ ‘ನೀವು ಯಾರ ಜೊತೆ ಹೋಲಿಸಿಕೊಳ್ಳುತ್ತೀರಿ?’ ಎಂಬ ಪ್ರಶ್ನೆ ನಿಮ್ಮ ಪಟ್ಟಿಯಲ್ಲಿ ಇರಲೇಬೇಕು.

ಅನುಮತಿಗೆ ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ನಿವೃತ್ತರನ್ನು ಮಾತಾಡಿಸಿ. ಅಧಿಕಾರಿಯ ಅನುಮತಿ ಎಂದರೆ ಸಿಪಾಯಿಯ ಒಪ್ಪಿಗೆಯಲ್ಲ, ಇದನ್ನು ಮರೆತವರೇ ಹೆಚ್ಚು. ‘ಈ ಹತ್ತು ಜನ ಹೋಗಿ ಮಾತಾಡಿ’ ಎಂದು ಮೇಲಿನವರು ಹೇಳಿದರೆ ಅದು ಆಜ್ಞೆಯೇ. ಹತ್ತು ಜನರನ್ನೂ ಒಬ್ಬೊಬ್ಬರಾಗಿ ಕರೆದು ಬಾಗಿಲು ಮುಚ್ಚಿ ಒಪ್ಪಿಗೆ ಕೇಳಿ. ಬೇಡವೆಂದವರನ್ನೂ ಅಷ್ಟೇ ಹೊತ್ತು ಕೂರಿಸಿಕೊಂಡು, ಏನನ್ನೂ ಬರೆದುಕೊಳ್ಳದೆ ಕಳಿಸಿ. ಯಾರು ಒಲ್ಲೆ ಎಂದರೆಂದು ಹೊರಗೆ ತಿಳಿಯಬಾರದು. ಬೇರೆಬೇರೆ ದರ್ಜೆಯವರನ್ನು ಒಂದೇ ಗುಂಪಿನಲ್ಲಿ ಕೂರಿಸಲೇಬೇಡಿ. ಕೆಳಗಿನವರ ಬಾಯಿ ಕಟ್ಟಿಹೋಗುತ್ತದೆ.

ನೋಡುವಾಗ ನಿಯಮಕ್ಕೂ ನಡವಳಿಕೆಗೂ ನಡುವಿನ ಅಂತರದ ಮೇಲೆ ಕಣ್ಣಿಡಿ. ಹಾಸಿಗೆ ತಪಾಸಣೆಯನ್ನೇ ತೆಗೆದುಕೊಳ್ಳಿ. ಚಾದರ ಸುಕ್ಕಿಲ್ಲದೆ ಬಿಗಿಯಾಗಿರಬೇಕು, ಕಂಬಳಿಯ ಮಡಿಕೆ ಅಳತೆಗೆ ಸರಿಯಾಗಿರಬೇಕು ಎನ್ನುವುದು ನಿಯಮ. ಕೆಲವು ಬ್ಯಾರಕ್‌ಗಳಲ್ಲಿ ಹೊಸಬರು ಒಮ್ಮೆ ಅಣಿಮಾಡಿದ ಹಾಸಿಗೆ ಕೆಡದಿರಲೆಂದು ರಾತ್ರಿ ಅದರ ಮೇಲೆಯೇ, ಹೊದಿಕೆ ಬಿಚ್ಚದೆ ಮಲಗುತ್ತಾರೆ. ಈ ಉಪಾಯವನ್ನು ತರಬೇತುದಾರ ಕಲಿಸುವುದಿಲ್ಲ. ಗೊತ್ತಿದ್ದೂ ಸುಮ್ಮನಿರುತ್ತಾನೆಯೇ? ಪುಸ್ತಕದಲ್ಲಿ ಮೂರು ಕಾಲಂ ಎಳೆಯಿರಿ: ನಿಯಮ, ನಡೆದದ್ದು, ಯಾರಿಂದ ಕಲಿತದ್ದು. ಮೂರನೆಯದರಲ್ಲೇ ಸಂಸ್ಕೃತಿ ಸಿಗುತ್ತದೆ. ಅಡ್ಡಹೆಸರು, ತಮಾಷೆ, ಬೈಗುಳಗಳನ್ನು ಹೇಳಿದ ಮಾತಿನಲ್ಲೇ ಬರೆದಿಡಿ, ತಿದ್ದಿ ಸಭ್ಯಗೊಳಿಸಬೇಡಿ.

ಟಿಪ್ಪಣಿಯನ್ನು ಅದೇ ರಾತ್ರಿ ವಿಸ್ತರಿಸಿ. ಒಂದು ಗಂಟೆ ನೋಡಿದ್ದನ್ನು ಬರೆಯಲು ಎರಡು ಗಂಟೆಯಾದರೂ ಬೇಕು. ಬರೆದಿಡದಿದ್ದರೆ ಏನಾಗುತ್ತದೆ ನೋಡಿ. ಯುದ್ಧದಲ್ಲಿ ಗುಂಡು ಹಾರಿಸುವವರು ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ ಎಂದು ಅಮೆರಿಕದ ಸೇನಾ ಇತಿಹಾಸಕಾರ ಎಸ್. ಎಲ್. ಎ. ಮಾರ್ಷಲ್ 1947ರಲ್ಲಿ ಬರೆದರು. ಆಮೇಲೆ ಹುಡುಕಿದವರಿಗೆ ಅದಕ್ಕೆ ತಕ್ಕ ಲೆಕ್ಕ ಅವರ ಟಿಪ್ಪಣಿಗಳಲ್ಲಿ ಸಿಗಲಿಲ್ಲ. ಆ ಅಂಕಿ ಇಂದಿಗೂ ವಿವಾದದಲ್ಲೇ ಇದೆ.

ಸಂದರ್ಶನವನ್ನು ಕಾಳಗದಿಂದ ಶುರುಮಾಡಬೇಡಿ. ದಿನಚರಿ, ಊಟ, ಕಿಟ್ಟು, ರಜೆ ಇವುಗಳಿಂದ ಹೊರಟರೆ ಮಾತು ತಾನಾಗಿ ತೆರೆದುಕೊಳ್ಳುತ್ತದೆ. ಒಬ್ಬೊಬ್ಬರಿಗೆ ಒಂದರಿಂದ ಒಂದೂವರೆ ಗಂಟೆ, ಸುಮಾರು ಇಪ್ಪತ್ತು ಜನ ಎಂದು ಅಂದಾಜಿಟ್ಟುಕೊಳ್ಳಿ. ಹೊಸದೇನೂ ಬರದಾದಾಗ ನಿಲ್ಲಿಸಿ. ಸಾವಿನ ನೆನಪು ಬಂದು ದನಿ ತಡವರಿಸಿದರೆ ರೆಕಾರ್ಡರ್ ನಿಲ್ಲಿಸಿ ಕೇಳುತ್ತ ಕೂರಿ. ಆಪ್ತಸಮಾಲೋಚಕರ ನಂಬರು ಮೊದಲೇ ಕೈಯಲ್ಲಿರಲಿ. ನೆಲೆ, ಆಯುಧ, ಸಂಖ್ಯೆಗಳ ವಿಚಾರ ಕಿವಿಗೆ ಬಿದ್ದರೂ ಬರೆದುಕೊಳ್ಳಬೇಡಿ.

ಹೆಸರು ತೆಗೆದ ಮಾತ್ರಕ್ಕೆ ಗುರುತು ಅಳಿಯುವುದಿಲ್ಲ. ದರ್ಜೆ, ಕೆಲಸ, ಸೇರಿದ ವರ್ಷ, ಲಿಂಗ ನಾಲ್ಕೂ ಒಟ್ಟಿಗೆ ಬಂದರೆ ನೂರು ಜನರ ತುಕಡಿಯಲ್ಲಿ ಉಳಿಯುವುದು ಒಬ್ಬರೇ ಇರಬಹುದು. ಎರಡನ್ನಾದರೂ ಬಿಡಿ. ಕರಡನ್ನು ಅಧಿಕಾರಿಗಳು ನೋಡುವುದಾದರೆ ಗುಟ್ಟಿನ ಮಾಹಿತಿ ಇದೆಯೇ ಎಂದಷ್ಟೇ ನೋಡಬೇಕೆಂದು ಮೊದಲೇ ಲಿಖಿತದಲ್ಲಿ ಒಪ್ಪಿಸಿಕೊಳ್ಳಿ. ಹಣ ಸೇನೆಯದಾದರೆ ಮಾತಾಡುವವರಿಗೆ ಮೊದಲ ಮಾತಿನಲ್ಲೇ ಹೇಳಿ. ಯಾವ ಹೆಸರಿಗೆ ಯಾವ ಸಂಕೇತ ಕೊಟ್ಟಿರಿ ಎಂಬ ಪಟ್ಟಿಯನ್ನು ಟಿಪ್ಪಣಿಗಳಿಂದ ದೂರ, ಬೇರೆ ಬೀಗದಲ್ಲಿಡಿ.