ಸಿಸಿಐಇ ಲ್ಯಾಬ್‌ಗೆ ತಯಾರಿ: ಮೊದಲು ಕೆಡಿಸಿ, ಆಮೇಲೆ ಕಟ್ಟಿ

ನಾನು ಸಿಸಿಐಇ ಲ್ಯಾಬ್ ಪರೀಕ್ಷೆಯಲ್ಲಿ ಮೊದಲ ಸಲ ಫೇಲಾದದ್ದು ಗೊತ್ತಿಲ್ಲದ ವಿಷಯದಲ್ಲಿ ಅಲ್ಲ, ಚೆನ್ನಾಗಿ ಗೊತ್ತಿದ್ದ ವಿಷಯದಲ್ಲೇ. ಕಾನ್ಫಿಗರೇಶನ್ ಬರೆದೆ, ಎಂಟರ್ ಒತ್ತಿದೆ, ಮುಂದಿನ ಪ್ರಶ್ನೆಗೆ ಹೋದೆ. ಮಾಡಿದ್ದು ಕೆಲಸ ಮಾಡ್ತಿದೆಯಾ ಅಂತ ತಿರುಗಿ ನೋಡಲೇ ಇಲ್ಲ. ಆಮೇಲೆ ಓದಿದ್ದಕ್ಕಿಂತ ಹೆಚ್ಚು ಸಮಯವನ್ನು ಈ 'ತಿರುಗಿ ನೋಡುವ' ಅಭ್ಯಾಸಕ್ಕೇ ಕೊಟ್ಟೆ. ಕೆಳಗೆ ಹೇಳುವುದೆಲ್ಲ ಹೆಚ್ಚುಕಮ್ಮಿ ಅದರ ಸುತ್ತಲೇ ಇದೆ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸಿಸಿಐಇ ಅನ್ನುವುದು ನೆಟ್‌ವರ್ಕ್ ಉಪಕರಣ ಮಾಡುವ ಸಿಸ್ಕೊ ಕಂಪನಿ 1993ರಲ್ಲಿ ಶುರು ಮಾಡಿದ, ನೆಟ್‌ವರ್ಕ್ ಎಂಜಿನಿಯರ್‌ಗಳ ಸರ್ಟಿಫಿಕೇಶನ್. ಲ್ಯಾಬ್ ಅಂದರೆ ಅದರ ಪ್ರಾಯೋಗಿಕ ಪರೀಕ್ಷೆ. ಪಾಸಾದ ಪ್ರತಿಯೊಬ್ಬರಿಗೂ ಒಂದು ನಂಬರ್ ಸಿಗುತ್ತದೆ. ಎಣಿಕೆ ಶುರುವಾದದ್ದು 1024ರಿಂದ, ಆದರೆ ಆ ನಂಬರ್ ಯಾರಿಗೂ ಸಿಗಲಿಲ್ಲ. ಅದನ್ನು ಲ್ಯಾಬ್‌ಗೇ ಕೊಟ್ಟುಬಿಟ್ಟರು. ಕಂಪ್ಯೂಟರ್ ಲೆಕ್ಕವೆಲ್ಲ ಎರಡರ ಘಾತಗಳಲ್ಲಿ, ಎರಡರ ಹತ್ತನೇ ಘಾತ 1024. ನೆಟ್‌ವರ್ಕ್‌ನವರ ತಮಾಷೆ ಇಷ್ಟೇ ನೋಡಿ.

ಮೊದಲು ಆಟದ ನಿಯಮ ತಿಳಿಯಿರಿ

ಇದರಲ್ಲಿ ಹಲವು ವಿಭಾಗಗಳಿವೆ. ಇಲ್ಲಿ ಹೇಳುತ್ತಿರುವುದು ಎಂಟರ್‌ಪ್ರೈಸ್ ಇನ್‌ಫ್ರಾಸ್ಟ್ರಕ್ಚರ್, ಅಂದರೆ ಸಂಸ್ಥೆಗಳ ನೆಟ್‌ವರ್ಕ್ ಬಗ್ಗೆ. ಮೊದಲು 120 ನಿಮಿಷದ ಕೋರ್ ಪರೀಕ್ಷೆ ಪಾಸಾಗಬೇಕು. ಅದರ ಕೋಡ್ 350-401, ಎಲ್ಲರೂ ಎನ್‌ಕೋರ್ ಅಂತಾರೆ. ಆಮೇಲೆ ಮೂರು ವರ್ಷದೊಳಗೆ ಲ್ಯಾಬ್‌ಗೆ ಕೂರಬೇಕು.

ಲ್ಯಾಬ್ ಎಂಟು ಗಂಟೆಯದು, ಎರಡು ಭಾಗ. ಮೊದಲ ಮೂರು ಗಂಟೆ ಡಿಸೈನ್. ಇಲ್ಲಿ ರೂಟರ್ ಮುಟ್ಟುವ ಹಾಗಿಲ್ಲ. ಇಮೇಲ್, ನಕ್ಷೆ, ಗ್ರಾಹಕರ ಬೇಡಿಕೆ ಓದಿ ಉತ್ತರ ಆರಿಸಬೇಕು. ಒಂದು ಪ್ರಶ್ನೆ ದಾಟಿದರೆ ಹಿಂದಕ್ಕೆ ಬರಲಾಗದು. ಉಳಿದ ಐದು ಗಂಟೆ ಕೈಕೆಲಸ: ಕಟ್ಟುವುದು, ಕೆಟ್ಟದ್ದನ್ನು ಸರಿಮಾಡುವುದು, ಸುಧಾರಿಸುವುದು. ಎರಡು ಭಾಗದಲ್ಲೂ ಕನಿಷ್ಠ ಅಂಕ ಬೇಕು, ಒಟ್ಟು ಅಂಕವೂ ಪಾಸ್ ಗೆರೆ ದಾಟಬೇಕು. ಅಂದರೆ ಒಂದರಲ್ಲಿ ಭರ್ಜರಿ ಮಾಡಿ ಇನ್ನೊಂದರಲ್ಲಿ ಮುಗ್ಗರಿಸಿದರೆ ಉಪಯೋಗವಿಲ್ಲ.

ಬ್ಲೂಪ್ರಿಂಟ್ ಪ್ರಿಂಟ್ ತೆಗೆದುಕೊಳ್ಳಿ

ಸಿಸ್ಕೊ ತನ್ನ ವೆಬ್‌ಸೈಟ್‌ನಲ್ಲಿ ವಿಷಯಗಳ ಪಟ್ಟಿ ಕೊಡುತ್ತದೆ. ಇದನ್ನೇ ಬ್ಲೂಪ್ರಿಂಟ್ ಅನ್ನುವುದು. 1.1 ಆವೃತ್ತಿಯಲ್ಲಿ ಲೆಕ್ಕ ಹೀಗಿದೆ: ಸ್ವಿಚಿಂಗ್, ರೂಟಿಂಗ್ ಸೇರಿದ ನೆಟ್‌ವರ್ಕ್ ಇನ್‌ಫ್ರಾಸ್ಟ್ರಕ್ಚರ್‌ಗೆ ಶೇ 30, ಸಾಫ್ಟ್‌ವೇರ್ ಮೂಲಕ ನೆಟ್‌ವರ್ಕ್ ನಡೆಸುವ ಎಸ್‌ಡಿ-ಆಕ್ಸೆಸ್ ಮತ್ತು ಎಸ್‌ಡಿ-ವ್ಯಾನ್‌ಗೆ ಶೇ 25. ದೂರದ ಕಚೇರಿಗಳನ್ನು ಜೋಡಿಸುವ ಎಂಪಿಎಲ್‌ಎಸ್, ಡಿಎಂವಿಪಿಎನ್ ಇರುವ ಟ್ರಾನ್ಸ್‌ಪೋರ್ಟ್, ಸೆಕ್ಯುರಿಟಿ ಮತ್ತು ಸರ್ವಿಸಸ್, ಆಟೊಮೇಶನ್ ಇವು ಮೂರಕ್ಕೂ ತಲಾ ಶೇ 15. ಆವೃತ್ತಿ ಬದಲಾಗುತ್ತಿರುತ್ತದೆ, ಪರೀಕ್ಷೆ ಬುಕ್ ಮಾಡುವ ಮೊದಲು ಇನ್ನೊಮ್ಮೆ ನೋಡಿ.

ಪ್ರಿಂಟ್ ಮೇಲೆ ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ. 'ಕೇಳಿದ್ದೇನೆ', 'ಪುಸ್ತಕ ನೋಡಿಕೊಂಡು ಮಾಡಬಲ್ಲೆ', 'ನೋಡದೆ ಮಾಡಬಲ್ಲೆ, ಕೆಟ್ಟರೆ ಸರಿಮಾಡಬಲ್ಲೆ'. ಪ್ರಾಮಾಣಿಕವಾಗಿ ಹಾಕಬೇಕು ಮತ್ತೆ. ಹತ್ತು ವರ್ಷ ನೆಟ್‌ವರ್ಕ್ ನೋಡಿಕೊಂಡವರಿಗೂ ಮಲ್ಟಿಕಾಸ್ಟ್ (ಒಂದೇ ಮಾಹಿತಿಯನ್ನು ಒಮ್ಮೆಗೇ ಹಲವರಿಗೆ ಕಳಿಸುವುದು) ಸಾಲು ಬಂದಾಗ ಪೆನ್ನು ನಿಂತುಬಿಡುತ್ತದೆ. ತಯಾರಿ ಶುರುವಾಗಬೇಕಾದದ್ದು ಆ ಪೆನ್ನು ನಿಂತ ಜಾಗದಿಂದ, ನಿಮಗೆ ಇಷ್ಟವಾದ ಬಿಜಿಪಿಯಿಂದ (ನೆಟ್‌ವರ್ಕ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪ್ರೋಟೋಕಾಲ್) ಅಲ್ಲ.

ಮನೆಯಲ್ಲೇ ಲ್ಯಾಬ್

ಹಳೇ ರೂಟರ್‌ಗಳನ್ನು ರ‍್ಯಾಕ್‌ಗೆ ಏರಿಸಿ ಫ್ಯಾನ್ ಸದ್ದಿನಲ್ಲಿ ಓದುವ ಕಾಲ ಹೋಯಿತು. ಈಗ ಕಂಪ್ಯೂಟರ್‌ನಲ್ಲೇ ರೂಟರ್‌ಗಳನ್ನು ಓಡಿಸುವ ಇವ್-ಎನ್‌ಜಿ, ಜಿಎನ್‌ಎಸ್3 ಅಥವಾ ಸಿಸ್ಕೊದ್ದೇ ಆದ ಸಿಎಂಎಲ್ ಸಾಕು. ಪ್ರೊಸೆಸರ್‌ಗಿಂತ ರ‍್ಯಾಮ್‌ಗೆ ಜಾಸ್ತಿ ದುಡ್ಡು ಹಾಕಿ. ಎಸ್‌ಡಿ-ವ್ಯಾನ್‌ನ ಮ್ಯಾನೇಜರ್ ಸಾಫ್ಟ್‌ವೇರ್ ಒಂದೇ ಸಾಕು, ಲ್ಯಾಪ್‌ಟಾಪ್ ಉಸಿರುಗಟ್ಟುತ್ತದೆ. ಎಸ್‌ಡಿ-ಆಕ್ಸೆಸ್‌ನ ಕಂಟ್ರೋಲರ್ ಅಂತೂ ಮನೆಯ ಮೆಷಿನ್‌ಗೆ ಆಗುವ ಮಾತಲ್ಲ. ಇಂಥದ್ದಕ್ಕೆ ಸಿಸ್ಕೊದ ಡೆವ್‌ನೆಟ್ ಸ್ಯಾಂಡ್‌ಬಾಕ್ಸ್ (ಆನ್‌ಲೈನ್ ಅಭ್ಯಾಸದ ಲ್ಯಾಬ್) ಉಚಿತವಾಗಿ ಸಿಗುತ್ತದೆ. ಅದೂ ಸಾಲದಿದ್ದರೆ ಬಾಡಿಗೆ ಲ್ಯಾಬ್.

ಒಂದು ಕಿವಿಮಾತು. ಮೊದಲ ದಿನವೇ ಮೂವತ್ತು ರೂಟರ್‌ಗಳ ದೊಡ್ಡ ಟೋಪಾಲಜಿ (ಜೋಡಣೆ) ಕಟ್ಟಲು ಹೋಗಬೇಡಿ. ಚಿತ್ರ ಚೆನ್ನಾಗಿ ಕಾಣುತ್ತದೆ, ಕಲಿಕೆ ಆಗುವುದಿಲ್ಲ. ಒಂದು ವಿಷಯಕ್ಕೆ ಮೂರು, ಜಾಸ್ತಿ ಅಂದರೆ ಐದು ರೂಟರ್ ಸಾಕು.

ಈಗ ಮುಖ್ಯವಾದದ್ದು: ಕೆಡಿಸುವುದು

ಒಂದು ವಿಷಯ ಓದಿದಿರಿ, ಕಾನ್ಫಿಗರ್ ಮಾಡಿದಿರಿ, ಪಿಂಗ್ (ಸಂಪರ್ಕ ಇದೆಯಾ ಅಂತ ನೋಡುವ ಕಮಾಂಡ್) ಹೋಯಿತು. ಹೆಚ್ಚಿನವರು ಇಲ್ಲಿಗೆ ಖುಷಿಯಾಗಿ ಎದ್ದುಬಿಡುತ್ತಾರೆ. ನಿಜವಾದ ಪಾಠ ಇಲ್ಲಿಂದ ಶುರು.

ಒಎಸ್‌ಪಿಎಫ್ ತೆಗೆದುಕೊಳ್ಳಿ, ರೂಟರ್‌ಗಳು ಒಂದಕ್ಕೊಂದು ದಾರಿ ತಿಳಿಸುವ ಪ್ರೋಟೋಕಾಲ್ ಅದು. ಎರಡು ರೂಟರ್, ನಡುವೆ ಒಂದು ಈಥರ್‌ನೆಟ್ ಲಿಂಕ್. ಎಲ್ಲ ಸರಿಯಾಗಿ ನಡೆಯುತ್ತಿದೆ. ಈಗ ಬೇಕಂತಲೇ ಒಂದು ಕಡೆ ಎಂಟಿಯು (ಪ್ಯಾಕೆಟ್‌ನ ಗರಿಷ್ಠ ಗಾತ್ರ) ಕಡಿಮೆ ಮಾಡಿ, ಪ್ರೋಸೆಸ್ ಕ್ಲಿಯರ್ ಮಾಡಿ. ನೇಬರ್ (ಪಕ್ಕದ ರೂಟರ್) ಪಟ್ಟಿ ನೋಡಿದರೆ ಎಕ್ಸ್‌ಸ್ಟಾರ್ಟ್, ಎಕ್ಸ್‌ಚೇಂಜ್ ಸ್ಥಿತಿಯಲ್ಲೇ, ಅಂದರೆ ಅರ್ಧದಾರಿಯಲ್ಲೇ, ಒದ್ದಾಡುತ್ತಿರುತ್ತದೆ. ಇದು ಸುಲಭದ್ದು, ಕಣ್ಣಿಗೇ ಕಾಣುತ್ತದೆ.

ಈಗ ಎಂಟಿಯು ಸರಿಮಾಡಿ, ಒಂದು ಕಡೆ ಮಾತ್ರ ನೆಟ್‌ವರ್ಕ್ ಟೈಪ್ ಅನ್ನು ಪಾಯಿಂಟ್-ಟು-ಪಾಯಿಂಟ್ ಮಾಡಿ. ಇನ್ನೊಂದು ಕಡೆ ಬ್ರಾಡ್‌ಕಾಸ್ಟ್ ಹಾಗೇ ಇರಲಿ. ಎರಡಕ್ಕೂ ಹಲೋ (ನಾನಿದ್ದೇನೆ ಅನ್ನುವ ಸಂದೇಶ) 10 ಸೆಕೆಂಡ್, ಡೆಡ್ (ಅದು ಬರದಿದ್ದರೆ ಕಾಯುವ ಮಿತಿ) 40 ಸೆಕೆಂಡ್. ಹಾಗಾಗಿ ನೇಬರ್ ಆರಾಮಾಗಿ ಫುಲ್ (ಪೂರ್ತಿ ಜೋಡಣೆ) ಆಗುತ್ತದೆ. ಪಕ್ಕದ ರೂಟರ್‌ನ ನೇರ ವಿಳಾಸಕ್ಕೆ ಪಿಂಗ್ ಕೂಡ ಹೋಗುತ್ತದೆ. ಆದರೆ ರೂಟಿಂಗ್ ಟೇಬಲ್ ತೆರೆದರೆ ಒಎಸ್‌ಪಿಎಫ್ ಕಲಿತ ಒಂದು ರೂಟೂ ಇಲ್ಲ! ಮೊದಲ ಸಲ ಇದನ್ನು ನೋಡಿದವರಿಗೆ ತಲೆ ಕೆಡದಿದ್ದರೆ ಕೇಳಿ.

ಸುಳಿವು ಎರಡು ಕಡೆ ಇದೆ. ನೇಬರ್ ಪಟ್ಟಿಯಲ್ಲಿ ಒಂದು ರೂಟರ್‌ನಲ್ಲಿ 'ಫುಲ್' ಪಕ್ಕ ಬರೀ ಅಡ್ಡಗೆರೆ ಇರುತ್ತದೆ. ಇನ್ನೊಂದರಲ್ಲಿ ಡಿಆರ್, ಬಿಡಿಆರ್ (ಆ ಲಿಂಕ್‌ನ ಮುಖ್ಯ ರೂಟರ್, ಅದರ ಬದಲಿ) ಅಂತ ಏನೋ ಒಂದು ಬರೆದಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ಮಾತ್ರ ವ್ಯತ್ಯಾಸ ಕಾಣುವುದು. ಇನ್ನೊಂದು ಸುಳಿವು ಡೇಟಾಬೇಸ್‌ನಲ್ಲಿ. ರೂಟರ್ ಎಲ್‌ಎಸ್‌ಎ (ರೂಟರ್ ತನ್ನ ಲಿಂಕ್‌ಗಳ ಬಗ್ಗೆ ಕಳಿಸುವ ವಿವರ) ಬಿಡಿಸಿ ನೋಡಿದರೆ 'ಅಡ್ವ್ ರೂಟರ್ ಈಸ್ ನಾಟ್-ರೀಚಬಲ್' (ಕಳಿಸಿದ ರೂಟರ್‌ಗೆ ದಾರಿಯಿಲ್ಲ) ಅನ್ನುವ ಸಾಲು ಸಿಗುತ್ತದೆ. ಮಾಹಿತಿ ಬಂದಿದೆ. ಆದರೆ ಲಿಂಕ್ ಎಂಥದ್ದು ಅನ್ನುವುದಕ್ಕೆ ಇಬ್ಬರೂ ಬೇರೆಬೇರೆ ಚಿತ್ರ ಬರೆದಿರುವುದರಿಂದ ಎರಡೂ ಜೋಡಣೆಯಾಗುತ್ತಿಲ್ಲ.

ಹೀಗೆ ಒಂದು ನೋಟ್‌ಬುಕ್ ಇಡಿ. ಎಡಗಡೆ 'ಏನು ಕೆಡಿಸಿದೆ', ಬಲಗಡೆ 'ಯಾವ ಶೋ ಕಮಾಂಡ್‌ನಲ್ಲಿ ಏನು ಕಂಡಿತು'. ಐಬಿಜಿಪಿಯಲ್ಲಿ (ಒಂದೇ ನೆಟ್‌ವರ್ಕ್‌ನೊಳಗಿನ ಬಿಜಿಪಿ) ನೆಕ್ಸ್ಟ್-ಹಾಪ್-ಸೆಲ್ಫ್ (ಮುಂದಿನ ರೂಟರ್ ನಾನೇ ಅಂತ ಹೇಳುವ ಆದೇಶ) ತೆಗೆದರೆ ಹೊರಗಿನ ರೂಟ್ ಟೇಬಲ್‌ನಲ್ಲಿರುತ್ತದೆ, ಆದರೆ ನೆಕ್ಸ್ಟ್ ಹಾಪ್‌ಗೆ ದಾರಿಯಿಲ್ಲದೆ ಬೆಸ್ಟ್ ಆಗುವುದಿಲ್ಲ. ಎಂಪಿಎಲ್‌ಎಸ್‌ನಲ್ಲಿ ಪಿಇ (ಸೇವಾ ಕಂಪನಿಯ ಅಂಚಿನ ರೂಟರ್) ಲೂಪ್‌ಬ್ಯಾಕ್‌ಗೆ, ಅಂದರೆ ಅದರೊಳಗಿನ ಕಾಲ್ಪನಿಕ ಇಂಟರ್‌ಫೇಸ್‌ಗೆ, /24 ಕೊಟ್ಟರೆ ಒಎಸ್‌ಪಿಎಫ್ ಅದನ್ನು /32 ಅಂತಲೇ ಸಾರುತ್ತದೆ, ಲೇಬಲ್ (ಪ್ಯಾಕೆಟ್‌ಗೆ ಅಂಟಿಸುವ ಗುರುತು) ಮಾತ್ರ /24ಕ್ಕೆ ಹುಟ್ಟುತ್ತದೆ, ವಿಪಿಎನ್ ಟ್ರಾಫಿಕ್ ನಡುದಾರಿಯಲ್ಲಿ ಬಿದ್ದುಹೋಗುತ್ತದೆ. ಇವನ್ನು ಓದಿದರೆ ಮರೆಯುತ್ತೀರಿ. ಒಂದು ಸಂಜೆ ಇದಕ್ಕೇ ಕಳೆದರೆ ಜನ್ಮಕ್ಕೆ ಮರೆಯುವುದಿಲ್ಲ.

ಜೊತೆಗೆ ಓದುವ ಗೆಳೆಯರಿದ್ದರೆ ಇನ್ನೂ ಒಳ್ಳೆಯದು. ಒಬ್ಬರ ಲ್ಯಾಬ್ ಇನ್ನೊಬ್ಬರು ಕೆಡಿಸಿ ಕೊಡಿ. ನಾವೇ ಕೆಡಿಸಿದ್ದು ನಮಗೆ ಬೇಗ ಸಿಕ್ಕಿಬಿಡುತ್ತದೆ, ಅಲ್ವಾ?

ಆಟೊಮೇಶನ್‌ಗೆ ಹೆದರಬೇಡಿ

ಹಳೇ ನೆಟ್‌ವರ್ಕ್‌ನವರು ಪೈಥಾನ್ ಅಂದಕೂಡಲೇ ಬೆವರುತ್ತಾರೆ. ಇಲ್ಲಿ ದೊಡ್ಡ ಪ್ರೋಗ್ರಾಮರ್ ಆಗಬೇಕಿಲ್ಲ. ಜೇಸನ್ (ಮಾಹಿತಿ ಬರೆಯುವ ಒಂದು ರೂಪ) ನೋಡಿದರೆ ಅರ್ಥವಾಗಬೇಕು, ನೆಟ್‌ಕಾನ್ಫ್ (ಪ್ರೋಗ್ರಾಮ್‌ನಿಂದ ರೂಟರ್ ಕಾನ್ಫಿಗರ್ ಮಾಡುವ ಪ್ರೋಟೋಕಾಲ್) 830ನೇ ಪೋರ್ಟ್‌ನಲ್ಲಿ ಮಾತಾಡುತ್ತದೆ ಅಂತ ಗೊತ್ತಿರಬೇಕು, ಬೇರೆಯವರು ಬರೆದ ಸ್ಕ್ರಿಪ್ಟ್‌ನಲ್ಲಿ ಒಂದು ಲೂಪ್ ಸರಿಮಾಡಲು ಬರಬೇಕು. ಶೇ 15 ಅಂಕ ಇದೆ, ಬಿಟ್ಟುಬಿಡುವಷ್ಟು ಚಿಕ್ಕದಲ್ಲ.

ಗಡಿಯಾರ ಇಟ್ಟುಕೊಂಡು ಕೂರಿ

ಕೊನೆಯ ಎರಡು ತಿಂಗಳು ವಾರಕ್ಕೊಂದು ದಿನ ಪೂರ್ತಿ ಎಂಟು ಗಂಟೆ ಕೂರಿ. ಫೋನ್ ಬೇರೆ ಕೋಣೆಯಲ್ಲಿರಲಿ. ಹುಡುಕಲು ಸಿಸ್ಕೊ ಡಾಕ್ಯುಮೆಂಟೇಶನ್ ಮಾತ್ರ, ಯಾಕಂದ್ರೆ ಪರೀಕ್ಷೆಯಲ್ಲೂ ಸಿಗುವುದು ಅದೇ. ಯಾವ ಪುಟ ಎಲ್ಲಿದೆ ಅಂತ ಮೊದಲೇ ಗೊತ್ತಿಲ್ಲದಿದ್ದರೆ ಅಲ್ಲಿ ಹುಡುಕುತ್ತಾ ಅರ್ಧ ಗಂಟೆ ಕರಗುತ್ತದೆ.

ಎರಡನೇ ಭಾಗದ ಪ್ರಶ್ನೆಪತ್ರಿಕೆಯನ್ನು ಕೀಬೋರ್ಡ್ ಮುಟ್ಟದೆ ಒಮ್ಮೆ ಪೂರ್ತಿ ಓದಿ. 'ಸ್ಟ್ಯಾಟಿಕ್ ರೂಟ್ ಬಳಸಬಾರದು', 'ಈ ರೂಟರ್‌ನಲ್ಲಿ ಬದಲಾವಣೆ ಕೂಡದು' ಅಂಥ ಷರತ್ತುಗಳನ್ನು ಬೇರೆ ಕಾಗದದಲ್ಲಿ ಬರೆದುಕೊಳ್ಳಿ. ಪಿಂಗ್ ಹೋದರೂ ಷರತ್ತು ಮುರಿದಿದ್ದರೆ ಆ ಪ್ರಶ್ನೆಯ ಅಂಕ ಹೋಯಿತು. ಒಂದು ಪ್ರಶ್ನೆಯಲ್ಲಿ ಸಿಕ್ಕಿಹಾಕಿಕೊಂಡರೆ 15 ನಿಮಿಷ ನೋಡಿ, ಗುರುತು ಹಾಕಿ ಮುಂದೆ ಹೋಗಿ. ಎರಡನೇ ಭಾಗದಲ್ಲಿ ಹಿಂದಕ್ಕೆ ಬರಬಹುದು.

ಕೊನೆಯ ಮುಕ್ಕಾಲು ಗಂಟೆ ಹೊಸದೇನೂ ಶುರು ಮಾಡಬೇಡಿ. ಮೊದಲ ಪ್ರಶ್ನೆಯಿಂದ ಮತ್ತೆ ಒಂದೊಂದೇ ಪರಿಶೀಲಿಸಿ. ಹತ್ತನೇ ಪ್ರಶ್ನೆಗೆ ಹಾಕಿದ ಆಕ್ಸೆಸ್ ಲಿಸ್ಟ್ (ಟ್ರಾಫಿಕ್ ಬಿಡುವ, ತಡೆಯುವ ನಿಯಮಪಟ್ಟಿ) ಎರಡನೇ ಪ್ರಶ್ನೆಯ ನೇಬರ್ ಅನ್ನು ಬೀಳಿಸಿರುತ್ತದೆ. ಇಂಥದ್ದು ಆಗಿಯೇ ಆಗುತ್ತದೆ. ನನ್ನ ಮಾಕ್ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ಅಂಕ ವಾಪಸ್ ಸಿಕ್ಕಿದ್ದು ಈ ಮುಕ್ಕಾಲು ಗಂಟೆಯಲ್ಲೇ. ಎಲ್ಲಾ ಮುಗಿದ ಮೇಲೆ ಪ್ರತಿ ರೂಟರ್‌ನಲ್ಲೂ ಕಾನ್ಫಿಗರೇಶನ್ ಸೇವ್ ಮಾಡಿ.

ಡಂಪ್‌ಗಳ ಬಗ್ಗೆ ಕೇಳುತ್ತೀರಿ, ಗೊತ್ತು. ಕದ್ದ ಪ್ರಶ್ನೆಗಳವು. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ಹೋಗುತ್ತದೆ. ಸಿಕ್ಕಿಬೀಳದಿದ್ದರೆ ಇಂಟರ್‌ವ್ಯೂನಲ್ಲಿ ಯಾರೋ ಒಬ್ಬರು ವೈಟ್‌ಬೋರ್ಡ್ ಪೆನ್ನು ಕೈಗೆ ಕೊಡುತ್ತಾರೆ.

ಫೇಲಾದರೆ

ಎರಡು ದಿನ ಲ್ಯಾಬ್ ತೆರೆಯಬೇಡಿ. ಆದರೆ ಅದೇ ಸಂಜೆ ಒಂದು ಕೆಲಸ ಮಾಡಿ. ಎಲ್ಲಿ ಕೈ ತಡೆಯಿತು, ಎಲ್ಲಿ ಸಮಯ ಹೋಯಿತು ಅಂತ ನಿಮಗಾಗಿ ಮಾತ್ರ ಬರೆದಿಡಿ. ಪ್ರಶ್ನೆಗಳನ್ನು ಯಾರಿಗೂ ಹೇಳುವ ಹಾಗಿಲ್ಲ, ಸಹಿ ಮಾಡಿರುತ್ತೀರಿ. ನಿಮ್ಮ ತಪ್ಪುಗಳು ನಿಮ್ಮವೇ ಅಲ್ವಾ, ಅವನ್ನು ಬರೆದುಕೊಳ್ಳಬಹುದು. ಮೂರನೇ ದಿನ ಆ ಹಳೇ ಬ್ಲೂಪ್ರಿಂಟ್ ಪ್ರಿಂಟ್ ತೆಗೆದು, ಬೇರೆ ಬಣ್ಣದ ಪೆನ್ನಿನಲ್ಲಿ ಗುರುತುಗಳನ್ನು ತಿದ್ದಿ. ನನ್ನ ಪ್ರಿಂಟ್‌ನಲ್ಲಿ 'ನೋಡದೆ ಮಾಡಬಲ್ಲೆ' ಅಂತಿದ್ದ ಆರು ಸಾಲು ಹಿಂದಕ್ಕೆ ಸರಿದಿದ್ದವು. ಎರಡನೇ ಸಲಕ್ಕೆ ಓದಿದ್ದು ಹೆಚ್ಚಾಗಿ ಆ ಆರು ಸಾಲುಗಳನ್ನೇ.