ಇಪ್ಪತ್ತು ಅಡಿ ಅಗಲದ ಮಳಿಗೆಯಲ್ಲಿ ತಾಲೀಮಿನ ಪಂಜರ

ಕಲಬುರಗಿಯಲ್ಲಿ ಎಂ.ಎಂ.ಎ. (ಹೊಡೆತ, ಕುಸ್ತಿ ಎರಡೂ ಕೂಡಿದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್) ಕಲಿಸಲು ಬಾಡಿಗೆಗೆ ಸಿಗುವ ಜಾಗ ಹೆಚ್ಚಾಗಿ ಎರಡು ಬಗೆಯದು: ಕಪನೂರ ಕಡೆಯ ತಗಡಿನ ಶೆಡ್ಡು, ಇಲ್ಲವೇ ಊರೊಳಗಿನ ಉದ್ದನೆಯ ಮಳಿಗೆ. ಉದ್ದ ಸಾಕಷ್ಟಿರುತ್ತದೆ, ಅಗಲವೇ ಸಾಲದು. 20 ಅಡಿ ಅಗಲ, 34 ಅಡಿ ಉದ್ದ, 10 ಅಡಿ ಎತ್ತರದ ಕೋಣೆಯನ್ನೇ ಲೆಕ್ಕಕ್ಕೆ ಇಟ್ಟುಕೊಂಡು ನಾನು ಪಂಜರ ಕಟ್ಟುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಅಷ್ಟಕೋನದ ಮೋಹ ಬಿಡಬೇಕು. ಎಂ.ಎಂ.ಎ. ಪಂದ್ಯ ನಡೆಸುವ ಸಂಸ್ಥೆ ಯು.ಎಫ್.ಸಿ.ಯ ಎಂಟು ಬದಿಯ ದೊಡ್ಡ ಪಂಜರ ಒಳಗೆ 30 ಅಡಿ ಅಗಲ. ಎಂ.ಎಂ.ಎ. ಪಂದ್ಯಗಳ ಯುನಿಫೈಡ್ ರೂಲ್ಸ್ ಎಂಬ ನಿಯಮಾವಳಿ ಪ್ರಕಾರ ಸ್ಪರ್ಧೆಯ ಅಂಗಳ 18 ಅಡಿಗಿಂತ ಕಿರಿದಾಗುವಂತಿಲ್ಲ, 32 ಅಡಿಗಿಂತ ಹಿರಿದಾಗುವಂತಿಲ್ಲ. ಅದು ಸ್ಪರ್ಧೆಯ ಮಾತು. ನಮ್ಮ ಕೋಣೆಯಲ್ಲಿ ಓಡಾಟಕ್ಕೆ ಜಾಗ ಬಿಟ್ಟರೆ ಪಂಜರಕ್ಕೆ ಉಳಿಯುವುದು 16 ಅಡಿ ಅಗಲ. ಅದರಲ್ಲಿ ಸಮ ಅಷ್ಟಕೋನ ಕೂರಿಸಿದರೆ ಒಂದೊಂದು ಬದಿ 6 ಅಡಿ 7 ಇಂಚು ಚಿಲ್ಲರೆ, ಒಟ್ಟು ಅಂಗಳ 212 ಚದರಡಿ. ಕೋಣೆಯ ಉದ್ದ ಸುಮ್ಮನೆ ಪೋಲಾಗುತ್ತದೆ. ಅದೇ 16 ಅಡಿಗೆ 20 ಅಡಿ ಉದ್ದದ ಆಯತ ಹಾಕಿ, ನಾಲ್ಕೂ ಮೂಲೆಯನ್ನು ಎರಡೂ ಬದಿಯಿಂದ 4 ಅಡಿ ಕತ್ತರಿಸಿದರೆ 288 ಚದರಡಿ ಸಿಗುತ್ತದೆ. ಬದಿಗಳು ಎಂಟೇ, ಪ್ರತಿ ಮೂಲೆ 135 ಡಿಗ್ರಿಯೇ. ಬೆನ್ನು ಜಾಲರಿಗೆ ಹತ್ತಿದವನು ಪಕ್ಕಕ್ಕೆ ಜಾರಿ ಹೊರಬರುವ ಅಭ್ಯಾಸಕ್ಕೆ ಬೇಕಾದದ್ದು ಆ ಕೋನ. 90 ಡಿಗ್ರಿ ಮೂಲೆ ಇಟ್ಟರೆ ಹುಡುಗರು ಅಲ್ಲೇ ಸಿಕ್ಕಿಕೊಂಡು ತಬ್ಬಿ ನಿಲ್ಲುತ್ತಾರೆ, ಪಾಠ ಅಲ್ಲಿಗೇ ನಿಲ್ಲುತ್ತದೆ.

ಉಳಿದ ನಾಲ್ಕು ಅಡಿ ಅಗಲವನ್ನು ಎರಡೆರಡು ಅಡಿಯಾಗಿ ಹಂಚುವುದು ನನಗೆ ಸರಿ ಕಾಣುವುದಿಲ್ಲ. ಒಂದು ಕಡೆ ಒಂದಡಿ, ಇನ್ನೊಂದು ಕಡೆ ಮೂರಡಿ ಬಿಡಿ. ಮೂರಡಿಯಲ್ಲಿ ಮಾಸ್ತರು ನಡೆಯಬಹುದು, ಗಾಯವಾದವನನ್ನು ಸ್ಟ್ರೆಚರಿನಲ್ಲಿ ಒಯ್ಯಬಹುದು. ಒಂದಡಿಯ ಸಂದು ಜಾಲರಿ ಹಿಂದಕ್ಕೆ ಬಾಗಲು ಮತ್ತು ಉದ್ದ ಹಿಡಿಯ ಕಸಬರಿಗೆ ಆಡಲು. ಅದಕ್ಕಿಂತ ಕಡಿಮೆ ಮಾಡಿದರೆ ಧೂಳು ಅಲ್ಲೇ ಮನೆ ಮಾಡುತ್ತದೆ.

ಪಂಜರವನ್ನು ನೆಲಕ್ಕೆ ಬೋಲ್ಟ್ ಹಾಕಿ ಬಿಗಿಯುವುದು ನಮ್ಮೂರಿಗೆ ಹೊಂದುವ ಕೆಲಸವಲ್ಲ. ಇಲ್ಲಿನ ನೆಲ ಬಹುತೇಕ ಶಹಾಬಾದ್ ಫರಸಿ. ಫರಸಿಯ ಕೆಳಗೆ ಮುರುಮು (ಗರಸು ಮಣ್ಣು), ಅದರ ಕೆಳಗೆ ಎರೆಮಣ್ಣು. ಆಂಕರ್ ಬೋಲ್ಟ್ ಕಲ್ಲನ್ನಷ್ಟೇ ಹಿಡಿದಿರುತ್ತದೆ. ಎಂಬತ್ತು ಕಿಲೋದವನು ಎದುರಾಳಿಯನ್ನು ತಳ್ಳಿಕೊಂಡು ಜಾಲರಿಗೆ ಬಿದ್ದರೆ ಕಂಬದ ಬುಡ ಎದ್ದು, ಫರಸಿ ಸೀಳುತ್ತದೆ ಅಥವಾ ಇಡೀ ಹಾಸೇ ಕಿತ್ತು ಬರುತ್ತದೆ. ಜೊತೆಗೆ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ನೆಲಕ್ಕೆ ಕಟ್ಟಿದ ಕಂಬಗಳು ಒಂದೊಂದು ಒಂದೊಂದು ದಿಕ್ಕಿಗೆ ವಾಲುತ್ತವೆ, ಬಾಗಿಲ ಚಿಲಕ ಕೂರುವುದಿಲ್ಲ. ಆದ್ದರಿಂದ ನೆಲದ ಮೇಲೆ ತಾನೇ ನಿಲ್ಲುವ ಚೌಕಟ್ಟು ಮಾಡಿ, ಒಳಗಿನ ನೆಲಹಾಸಿನ ಭಾರದಿಂದಲೇ ಅದನ್ನು ಹಿಡಿಸಬೇಕು.

ಗುರುತು ಹಾಕುವಾಗ 12, 16, 20 ಅಡಿಯ ತ್ರಿಕೋನದಿಂದ ಕಾಟಕೋನ (90 ಡಿಗ್ರಿ) ಹಿಡಿಯಿರಿ. 16×20ರ ಎರಡೂ ಕರ್ಣ 25 ಅಡಿ 7 ಇಂಚು 3 ಸೂತ ಬರಬೇಕು (ಎಂಟು ಸೂತಕ್ಕೆ ಒಂದು ಇಂಚು). ಆಮೇಲೆ ಪ್ರತಿ ಮೂಲೆಯಿಂದ ಎರಡೂ ಬದಿಗೆ 4 ಅಡಿ ಗುರುತಿಟ್ಟು ಓರೆಗೆರೆ ಎಳೆದರೆ ಅದು 5 ಅಡಿ 7 ಇಂಚು 7 ಸೂತ. ಈ ಗೆರೆ ಜಾಲರಿಯ ಗೆರೆ. ಪೈಪು ಇದರ ಹೊರಗೆ ಕೂರುತ್ತದೆ. 50 ಮಿ.ಮೀ. ಪೈಪಿನ ಹೊರ ಅಂಚಿನಲ್ಲಿ ಪ್ರತಿ ಬದಿ ಸುಮಾರು 41 ಮಿ.ಮೀ. ಉದ್ದವಾಗುತ್ತದೆ, ತುದಿಗಳನ್ನು ಇಪ್ಪತ್ತೆರಡೂವರೆ ಡಿಗ್ರಿಗೆ ಕೊಯ್ಯಬೇಕು. ಇದನ್ನು ಫ್ಯಾಬ್ರಿಕೇಶನ್‌ನವರಿಗೆ ಬಾಯಲ್ಲಿ ಹೇಳಿದರೆ ಸಾಲದು. ಅವರ ಕೈ ಗೇಟು, ಗ್ರಿಲ್ಲಿನ 45 ಡಿಗ್ರಿಗೆ ಒಗ್ಗಿರುತ್ತದೆ. ಪ್ಲೈವುಡ್ಡಿನಲ್ಲಿ 135 ಡಿಗ್ರಿಯ ಅಚ್ಚು ಕೊಯ್ದು ಅಂಗಡಿಯಲ್ಲೇ ಬಿಟ್ಟು ಬನ್ನಿ. ಎಂಟು ಮೂಲೆಗಳಲ್ಲಿ ಒಂದೊಂದು ಡಿಗ್ರಿ ತಪ್ಪಿದರೂ ಕೊನೆಯ ತುಂಡು ಸೇರುವುದಿಲ್ಲ.

ಕಬ್ಬಿಣ ಇಷ್ಟು: ಬುಡದ ಸುತ್ತಿಗೆ 50×50×3 ಮಿ.ಮೀ. ಚೌಕ ಪೈಪು, ಮೇಲಿನ ಸುತ್ತಿಗೆ 50×50×2.5, ಕಂಬಗಳಿಗೆ 60×60×3. ಸುತ್ತಳತೆ 63 ಅಡಿಗೆ ತುಸು ಕಡಿಮೆ. 20 ಅಡಿಯ ಪೈಪು ಬುಡಕ್ಕೆ ನಾಲ್ಕು, ಮೇಲಕ್ಕೆ ನಾಲ್ಕು, ಕಂಬಕ್ಕೆ ನಾಲ್ಕು. ಮೂಲೆಗೆ ಎಂಟು ಕಂಬ, 12 ಅಡಿಯ ಎರಡು ಬದಿಗಳ ನಡುವೆ ಒಂದೊಂದು, ಬಾಗಿಲಿಗೆ ಒಂದು, ಹೀಗೆ ಹನ್ನೊಂದು. ಪಟ್ಟಿ, ಪ್ಲೇಟು, ಬಾಗಿಲು ಸೇರಿ ಸುಮಾರು 300 ಕೆ.ಜಿ. ಆಗುತ್ತದೆ, ಅಂದಿನ ದರಕ್ಕೆ ಗುಣಿಸಿಕೊಳ್ಳಿ. 12 ಅಡಿಯ ಬದಿಯೇ ಎಲ್ಲಕ್ಕಿಂತ ದುರ್ಬಲ, ಅಲ್ಲಿ ನಡುಗಂಬ ಬಿಟ್ಟು ಉಳಿತಾಯ ಮಾಡಬೇಡಿ. ಹೊರಗಿನಿಂದ ಓರೆ ಆಸರೆ ಕೊಟ್ಟರೆ ಮಾಸ್ತರ ಕಾಲಿಗೇ ತೊಡರುತ್ತದೆ. ಬುಡದಲ್ಲಿ 6 ಇಂಚಿನ ತ್ರಿಕೋನ ಪ್ಲೇಟು ಬೆಸೆದರೆ ಸಾಕು. ಎಲ್ಲವನ್ನೂ ಬಿಡಿ ಚೌಕಟ್ಟುಗಳಾಗಿ ಮಾಡಿಸಿ, ಎಂ12 ಬೋಲ್ಟಿನಿಂದ ಸೇರಿಸಿ. ಬಾಡಿಗೆ ಜಾಗ ಬಿಡುವ ದಿನ ಇದರ ಬೆಲೆ ತಿಳಿಯುತ್ತದೆ. ಬೋಲ್ಟಿನ ತಲೆಯಾಗಲಿ ನಟ್ಟಾಗಲಿ ಒಳಗಡೆ ಚಾಚಿರಬಾರದು.

ಜಾಲರಿಯಲ್ಲಿ ತಪ್ಪಾಗುವುದು ಹೆಚ್ಚು. ಬೇಕಾದದ್ದು ಪಿ.ವಿ.ಸಿ. ಹೊದಿಕೆಯ ಚೈನ್‌ಲಿಂಕ್: 2 ಇಂಚಿನ ಕಣ್ಣು, 10 ಗೇಜ್ ತಂತಿ, 6 ಅಡಿ ಎತ್ತರ, ಎರಡೂ ಅಂಚು ಮಡಚಿದ್ದು. ಹೊಲದ ಬೇಲಿಗೆ ಮಾರುವ, ಅಂಚು ತಿರುಚಿ ಮುಳ್ಳಿನಂತೆ ಬಿಟ್ಟ ಜಾಲರಿ ಬೇಡ. ಬೆಸುಗೆ ಹಾಕಿದ ಗಟ್ಟಿ ಜಾಲಿಯೂ ಬೇಡ. ಅದು ಬಾಗುವುದಿಲ್ಲ, ಭುಜ ಹಾಗೂ ಮೊಣಕೈ ಜಜ್ಜುತ್ತದೆ. ಚೈನ್‌ಲಿಂಕ್ ಮೈಭಾರಕ್ಕೆ ಎರಡು ಮೂರು ಇಂಚು ಹಿಂದೆ ಹೋಗಿ ಮರಳಬೇಕು. ಎರಡು ಸುರುಳಿ ಕೂಡಿಸಬೇಕಾದರೆ ತುದಿಯ ಒಂದು ತಂತಿಯನ್ನು ತಿರುಗಿಸಿ ಬಿಚ್ಚಿ, ಎರಡರ ಕಣ್ಣುಗಳಲ್ಲೂ ಹಾಯುವಂತೆ ಮತ್ತೆ ತಿರುಗಿಸಿ ಹಾಕಿ, ಕೂಡಿದ್ದು ಗೊತ್ತೇ ಆಗುವುದಿಲ್ಲ. ಕಟ್ಟುತಂತಿಯಿಂದ ಹೊಲಿದರೆ ಅದರ ತುದಿ ಒಂದಲ್ಲ ಒಂದು ದಿನ ಚರ್ಮ ಗೀರುತ್ತದೆ.

ಮೈ ಕಂಬಕ್ಕೆ ತಾಗದಿರಲಿ ಎಂದು ಜಾಲರಿಯನ್ನು ಕಂಬಗಳ ಒಳಮುಖಕ್ಕೆ ಹಾಕುತ್ತೇವೆ. ಇಲ್ಲೊಂದು ಎಡವಟ್ಟಿದೆ. ಇಡೀ ಸುತ್ತಿಗೆ ಒಂದೇ ಜಾಲರಿ ಎಳೆದು ಬಿಗಿದರೆ ಬಿಗಿತ ಮೂಲೆಗಳಲ್ಲಿ ಅದನ್ನು ಒಳಕ್ಕೇ ಜಗ್ಗುತ್ತದೆ. ಮೂಲೆಗಂಬದ ಕಟ್ಟುಗಳು ಒಂದೊಂದಾಗಿ ಹರಿದು, ಕಂಬಕ್ಕೂ ಜಾಲರಿಗೂ ನಡುವೆ ಕೈ ತೂರುವಷ್ಟು ಸಂದು ಬೀಳುತ್ತದೆ. ಅದಕ್ಕೇ ಪ್ರತಿ ಬದಿಯನ್ನೂ ಬೇರೆಯಾಗಿ ಬಿಗಿದು, ಪ್ರತಿ ಮೂಲೆಗಂಬದ ಮೇಲೆ 25×5 ಮಿ.ಮೀ. ಪಟ್ಟಿಯಿಂದ ಮೇಲಿಂದ ಕೆಳಗಿನವರೆಗೆ ಒತ್ತಿ ಹಿಡಿಸಬೇಕು. ಪಟ್ಟಿಗೆ ಒಂದೊಂದು ಅಡಿಗೆ ಬೋಲ್ಟು, ನಟ್ಟು ಹೊರಗೆ. ಬೆಸುಗೆಯ ಕೆಲಸವೆಲ್ಲ ಮುಗಿದು, ರೆಡ್ ಆಕ್ಸೈಡ್ ಮತ್ತು ಎನಾಮೆಲ್ ಒಣಗಿದ ಮೇಲಷ್ಟೇ ಜಾಲರಿ ತೊಡಿಸಿ. ಕಿಡಿ ಸಿಡಿದರೆ ಪಿ.ವಿ.ಸಿ. ಸುಟ್ಟು ಅಲ್ಲಿಂದಲೇ ತುಕ್ಕು ಶುರು.

ಇನ್ನು ನೆಲ. ತಾಲೀಮಿನ ಕೆಂಪು ಮಣ್ಣಿನಲ್ಲಿ ಬೆಳೆದ ಪೈಲ್ವಾನರು ಎತ್ತಿ ಒಗೆಯುವ ರೀತಿಗೆ ಫರಸಿಯ ಮೇಲೆ ಬರೀ ಮ್ಯಾಟ್ ಸಾಲದು. ಮೊದಲು 6 ಅಡಿಯ ನೇರ ಪಟ್ಟಿ ಇಟ್ಟು ನೋಡಿ, 5 ಮಿ.ಮೀ.ಗಿಂತ ಆಳದ ತಗ್ಗನ್ನು ಸಿಮೆಂಟಿನಿಂದ ತುಂಬಿ. ಮಳೆಗಾಲದ ತೇವ ಕೆಳಗಿನಿಂದ ಏರುತ್ತದೆ, ಹಾಗಾಗಿ 200 ಮೈಕ್ರಾನ್ ಪಾಲಿಥೀನ್ ಹಾಸಿ. ಅದರ ಮೇಲೆ 40 ಮಿ.ಮೀ. ದಪ್ಪದ ಇ.ವಿ.ಎ. (ಮ್ಯಾಟಿನ ಫೋಮ್) ತುಂಡುಗಳು, 10×10 ಸೆಂ.ಮೀ. ಅಳತೆಯವು, ಒಂದೊಂದು ಅಡಿ ಅಂತರದಲ್ಲಿ. ಸುಮಾರು 300 ಬೇಕು. ಒಂದು ಮೀಟರಿನ ಮೂರು ಮ್ಯಾಟ್ ಕೊಯ್ದರೆ ಆಯಿತು.

ತುಂಡುಗಳ ಮೇಲೆ 12 ಮಿ.ಮೀ. ಪ್ಲೈವುಡ್ ಎರಡು ಪದರ. ಕೆಳಪದರಕ್ಕೆ 8×4ರ ಹತ್ತು ಹಾಳೆ ಹಾಗೇ ಕೂರುತ್ತವೆ: 16 ಅಡಿಗೆ ಎರಡು, 20 ಅಡಿಗೆ ಐದು ಸಾಲು. ಮೇಲಿನ ಪದರವನ್ನು ಅಡ್ಡ ತಿರುಗಿಸಿದರಷ್ಟೇ ಸಾಲದು, ಕೆಲವು ಕೂಡುಗೆರೆ ಆಗಲೂ ಒಂದರ ಮೇಲೊಂದು ಬೀಳುತ್ತವೆ, ಅಲ್ಲಿ ನೆಲ ಮಡಚುತ್ತದೆ. ಉದ್ದಕ್ಕೆ 6, 8, 6 ಅಡಿ, ಅಗಲಕ್ಕೆ 2, 4, 4, 4, 2 ಅಡಿ ಎಂದು ಕೊಯ್ದರೆ ಒಂದು ಗೆರೆಯೂ ಕೂಡುವುದಿಲ್ಲ. ಇದಕ್ಕೆ ಹನ್ನೆರಡು ಹಾಳೆ. ಎರಡು ಪದರ ಸೇರಿ ದಪ್ಪ 24 ಮಿ.ಮೀ. ಆದ್ದರಿಂದ ಸ್ಕ್ರೂ 20 ಮಿ.ಮೀ. ಉದ್ದದ್ದೇ ಇರಲಿ, ತಲೆ ಒಳಗೆ ಕೂರಲಿ.

ಮೂಲೆ, ಚೂರು ಕೊಯ್ದ ಮೇಲೆ ಎರಡು ಪದರದಲ್ಲಿ ಉಳಿಯುವುದು ಹದಿನೆಂಟು ಹಾಳೆಯಷ್ಟು, ಹಾಳೆ ಒಂದಕ್ಕೆ ಸುಮಾರು 20 ಕಿಲೋ ಹಿಡಿದರೂ 360 ಕಿಲೋ. ಪಂಜರವನ್ನು ಹಿಡಿದು ನಿಲ್ಲಿಸುವ ಭಾರ ಇದೇ. ಬುಡದ ಪೈಪಿನಿಂದ ಒಳಕ್ಕೆ 75×6 ಮಿ.ಮೀ. ಪಟ್ಟಿಯ ನಾಲಿಗೆಗಳನ್ನು, ಒಂದೂವರೆ ಅಡಿ ಉದ್ದ, ಪ್ರತಿ ಬದಿಗೆ ಎರಡರಂತೆ ಬೆಸೆದಿದ್ದರೆ ಪ್ಲೈವುಡ್ಡಿನ ಭಾರ ತುಂಡುಗಳ ಮೂಲಕ ಅವುಗಳ ಮೇಲೆ ಬೀಳುತ್ತದೆ. ನಾಲಿಗೆಯ ಮೇಲೆ ಬರುವ ತುಂಡುಗಳನ್ನು 34 ಮಿ.ಮೀ.ಗೆ ಇಳಿಸಲು ಮರೆತರೆ ಅಂಚಿನ ಸುತ್ತ ನೆಲ ಉಬ್ಬಿ, ನಡೆಯುವಾಗ ಕಿರುಗುಡುತ್ತದೆ.

ಮೇಲೆ 40 ಮಿ.ಮೀ. ಮ್ಯಾಟ್, ಒಂದು ಮೀಟರಿನವು ಮೂವತ್ತು, ತುದಿಯ ಪಟ್ಟಿಗಳಿಗೆ ಇನ್ನೆರಡು. ಚಳಿಗಾಲದಲ್ಲಿ ಅಂಚಿನಿಂದ ಅಂಚಿಗೆ ಒತ್ತಿ ತುಂಬಿದ ಮ್ಯಾಟ್ ಮೇ ತಿಂಗಳ 42 ಡಿಗ್ರಿಗೆ ಹಿಗ್ಗಿ ನಡುವೆ ಗುಡ್ಡ ಏಳುತ್ತದೆ. ಸುತ್ತಲೂ ಅರ್ಧ ಇಂಚು ಬಿಟ್ಟು, ಆ ಸಂದಿಗೆ ಮೆತ್ತನೆಯ ಫೋಮ್ ದಂಡ ತುರುಕಿ. ಬಿಸಿಲು ನೇರ ಬೀಳುವ ಕಿಟಕಿಯ ಬಳಿಯಾದರೆ ಇ.ವಿ.ಎ. ಮುದುಡುವುದೂ ಉಂಟು, ಪರದೆ ಹಾಕಿ. ಎಲ್ಲದರ ಮೇಲೆ 650 ಜಿ.ಎಸ್.ಎಂ. (ಚದರ ಮೀಟರಿಗೆ 650 ಗ್ರಾಂ) ಪಿ.ವಿ.ಸಿ. ತಾಡಪತ್ರಿ ಒಂದೇ ತುಂಡಾಗಿ, 18×22 ಅಡಿ. ಲಾರಿಗೆ ತಾಡಪತ್ರಿ ಮಾಡಿಕೊಡುವವರು ಗಂಜ್ ಕಡೆ ಸಿಗುತ್ತಾರೆ. ಕೂಡುಗೆರೆಯನ್ನು ಹೊಲಿಗೆ ಹಾಕದೆ ಬಿಸಿಯಿಂದ ಅಂಟಿಸಿಕೊಡಲು ಹೇಳಿ, ಹೊಲಿಗೆಯ ದಾರ ಮೊಣಕಾಲು ತರಚುತ್ತದೆ. ಅಂಚಿಗೆ ಅಡಿಗೊಂದು ಐಲೆಟ್ ಹೊಡೆಸಿ, ಹಗ್ಗವನ್ನು ಜಾಲರಿಯ ಕಣ್ಣಿನಿಂದ ಹೊರತಂದು ಬುಡದ ಪೈಪಿನ ಹೊರಮೈಯ ಕೊಕ್ಕೆಗೆ ಎಳೆದು ಕಟ್ಟಿ.

ಎತ್ತರದ ಲೆಕ್ಕ ನೋಡಿ. ತುಂಡು 40, ಪ್ಲೈವುಡ್ 24, ಮ್ಯಾಟ್ 40, ಒಟ್ಟು 104 ಮಿ.ಮೀ. ಬುಡದ ಪೈಪು 50. ಅಂದರೆ ಪೈಪು ಮ್ಯಾಟಿನ ಮಟ್ಟಕ್ಕಿಂತ ಎರಡು ಇಂಚು ಕೆಳಗಿದೆ, ಕಾಲ್ಬೆರಳು ಕಬ್ಬಿಣಕ್ಕೆ ತಾಗುವ ಪ್ರಶ್ನೆಯೇ ಇಲ್ಲ. 6 ಅಡಿಯ ಜಾಲರಿಯಲ್ಲಿ ಮೇಲೆ ಕಾಣುವುದು 5 ಅಡಿ 10 ಇಂಚು. ಛಾವಣಿಗೆ ಉಳಿಯುವುದು 9 ಅಡಿ 8 ಇಂಚು. ಎತ್ತಿ ಒಗೆಯುವ ಅಭ್ಯಾಸಕ್ಕೆ ಇದಕ್ಕಿಂತ ಕಡಿಮೆ ನಾನು ಒಪ್ಪುವುದಿಲ್ಲ. ತೊಲೆ ಇಳಿಬಿದ್ದಿದ್ದರೆ ಪ್ಲೈವುಡ್ ಬಿಟ್ಟು ನೆಲ ತಗ್ಗಿಸುವ ಬದಲು ಬೇರೆ ಜಾಗ ನೋಡಿ. ಸೀಲಿಂಗ್ ಫ್ಯಾನನ್ನಂತೂ ಮೊದಲ ದಿನವೇ ಇಳಿಸಿ.

ಬಾಗಿಲು 16 ಅಡಿಯ ಬದಿಯಲ್ಲಿ ಉಳಿದ 8 ಅಡಿಯ ನೇರ ಭಾಗದಲ್ಲಿ, 30 ಇಂಚು ಅಗಲ, ಹೊರಕ್ಕೆ ತೆರೆಯುವಂಥದ್ದು. ಹೊಸ್ತಿಲೂ ಬೇಡ, ಮೇಲೆ ಅಡ್ಡಪೈಪೂ ಬೇಡ, ಅದು ಸರಿಯಾಗಿ ಹಣೆಯ ಮಟ್ಟಕ್ಕೆ ಬರುತ್ತದೆ. ಚಿಲಕ ಎರಡೂ ಕಡೆಯಿಂದ ಗ್ಲೌಸ್ ಹಾಕಿದ ಕೈಗೂ ತೆರೆಯಬೇಕು.

ಕಂಬದ ಪ್ಯಾಡಿಗೆ 30 ಮಿ.ಮೀ. ಎಕ್ಸ್.ಎಲ್.ಪಿ.ಇ. (ಗಟ್ಟಿ ಫೋಮ್) ಎರಡು ಪದರ, ಮೇಲೆ ರೆಕ್ಸಿನ್, 10 ಇಂಚು ಅಗಲ. ಒತ್ತುಪಟ್ಟಿ ಪೂರ್ತಿ ಮುಚ್ಚಬೇಕು, ವೆಲ್ಕ್ರೋ ಹೊರಗಡೆ ಬರಬೇಕು. ಹಾಸಿಗೆಯ ಸ್ಪಂಜು ತುಂಬಿದ ಅಗ್ಗದ ಪ್ಯಾಡು ಕೈಯಿಂದ ಒತ್ತಿದಾಗ ಮೆತ್ತಗಿರುತ್ತದೆ, ತಲೆ ಬಡಿದಾಗ ಕಬ್ಬಿಣಕ್ಕೇ ತಲುಪಿಸುತ್ತದೆ. ಮೇಲಿನ ಪೈಪಿಗೂ ಸುತ್ತಲೂ ಫೋಮ್ ಬೇಕು.

ಮೊದಲ ಮಹಡಿಯಲ್ಲಿ ಇದನ್ನು ಕೂರಿಸಬಹುದೇ ಎಂದು ಕೇಳುವವರಿದ್ದಾರೆ. ಪಂಜರದ ಸ್ಥಿರ ಭಾರ ಸಮಸ್ಯೆಯಲ್ಲ. ಆದರೆ ಮನೆಯ ಸ್ಲ್ಯಾಬನ್ನು ಕಟ್ಟಡದ ಭಾರಗಳ ಭಾರತೀಯ ಮಾನಕ ಐ.ಎಸ್. 875ರಂತೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಅಂದರೆ ಸುಮಾರು 200 ಕಿಲೋ ಚಲಭಾರಕ್ಕೆ ಲೆಕ್ಕ ಹಾಕಿರುತ್ತಾರೆ. ದಿನವೂ ಜೋಡಿಗಳು ಧೊಪ್ಪನೆ ಬೀಳುವ ಪೆಟ್ಟು ಬೇರೆಯೇ ಮಾತು. ಸ್ಟ್ರಕ್ಚರಲ್ ಇಂಜಿನಿಯರ್ ನೋಡದೆ ಬೇಡ. ನೆಲಮಹಡಿಯೇ ಮೇಲು, ಕೆಳಗಿನವರ ಜಗಳವೂ ಇರುವುದಿಲ್ಲ.

ತಗಡಿನ ಶೆಡ್ಡಿಗೆ ಮೇಲೆ ಬಿಳಿ ಬಳಿಸಿ, ಒಂದು ತುದಿಯಲ್ಲಿ ಎತ್ತರಕ್ಕೆ 18 ಇಂಚಿನ ಎಗ್ಜಾಸ್ಟ್, ಎದುರು ತುದಿಯಲ್ಲಿ ಕೆಳಗೆ ಅದಕ್ಕಿಂತ ದೊಡ್ಡ ಗಾಳಿಕಿಂಡಿ ಇಡಿ. ನೀರಿನ ಕೂಲರ್ ಗಾಳಿ ಮ್ಯಾಟಿನ ಮೇಲೆ ನೇರ ಹಾಯದಿರಲಿ. ತಾಡಪತ್ರಿ ಪಸೆಯಾಗಿ ಕಾಲು ಜಾರುತ್ತದೆ. 288 ಚದರಡಿಯಲ್ಲಿ ನೆಲಕುಸ್ತಿಗೆ ಒಮ್ಮೆಗೆ ಮೂರು ಜೋಡಿ, ನಿಂತು ಹೊಡೆದಾಡಲು ಒಂದೇ ಜೋಡಿ. ಎರಡನೆಯ ಜೋಡಿ ಒಳಗೆ ಬಂದರೆ ಹಿಮ್ಮಡಿಗಳು ಒಂದರ ಮೇಲೊಂದು ಬೀಳುತ್ತವೆ.

ಮ್ಯಾಟ್ ಒರೆಸಲು 5 ಪ್ರತಿಶತದ ಬ್ಲೀಚ್ ದ್ರಾವಣ ಲೀಟರ್ ನೀರಿಗೆ 20 ಮಿ.ಲೀ. ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸಿ. ಫಿನಾಯಿಲ್, ಆಸಿಡ್ ಯಾವುದನ್ನೂ ಅದಕ್ಕೆ ಬೆರೆಸಬೇಡಿ. ಒರೆಸದ ಮ್ಯಾಟಿನಿಂದ ಗಜಕರ್ಣ ಹರಡುತ್ತದೆ. ಬೋರಿನ ಗಡಸು ನೀರಾದರೆ ಮ್ಯಾಟಿನ ಮೇಲೆ ಬಿಳಿ ಪೊರೆ ಕಟ್ಟಿ ಜಾರುತ್ತದೆ, ಕೊನೆಯ ಒರೆಸು ಸಿಹಿನೀರಿನದಾಗಿರಲಿ. ಬುಡದ ಪೈಪಿನ ಕೆಳಗೆ ರಬ್ಬರ್ ಪಟ್ಟಿ ಇಟ್ಟು, ಅಲ್ಲಲ್ಲಿ ನೀರಿಳಿಯುವ ತೂತು ಬಿಡಿ; ಪಂಜರ ಮೊದಲು ಕೊಳೆಯುವುದು ಅಲ್ಲೇ. ತಿಂಗಳಿಗೊಮ್ಮೆ ಎಲ್ಲ ಬೋಲ್ಟು ಬಿಗಿದು ನೋಡಿ, ಮುಖ್ಯವಾಗಿ ನಡುಗಂಬದವು.

ಕೋಣೆ 12 ಅಡಿ ಅಗಲದ್ದೇ ಆದರೆ ಪೂರ್ತಿ ಪಂಜರ ಬೇಡ. 8 ಅಡಿಯ ಒಂದು ನೇರ ಬದಿ, 5 ಅಡಿ 8 ಇಂಚಿನ ಒಂದು ಓರೆ, ಮತ್ತೆ ಕೋಣೆಯ ಅಗಲದ ಕಡೆಗೆ 6 ಅಡಿಯ ಒಂದು ಬದಿ, ಇಷ್ಟನ್ನು ಒಂದು ಮೂಲೆಯಲ್ಲಿ ನಿಲ್ಲಿಸಿ. ಗೋಡೆಯಿಂದ ಕನಿಷ್ಠ 6 ಇಂಚು ಬಿಡಿ. ನಾಲಿಗೆಗಳನ್ನು ಎರಡೂವರೆ ಅಡಿ ಉದ್ದ ಮಾಡಿ, ಏಕೆಂದರೆ ಇಲ್ಲಿ ಎದುರು ಬದಿಯ ಹಿಡಿತ ಇರುವುದಿಲ್ಲ.